ಸರ್ಟಿಫಿಕೇಷನ್ ಎಲೆಕ್ಷನ್: ಅಧ್ಯಕ್ಷ ಯಾರಾದ್ರು ಅಂತ ಕೇಳ್ಬೇಡಿ

ಅಮೆಜಾನ್, ಸ್ಟಾರ್‌ಬಕ್ಸ್ ಸುದ್ದಿ ಬಂದಾಗೆಲ್ಲ 'ಪ್ರಮಾಣೀಕರಣ ಚುನಾವಣೆ' (ಸರ್ಟಿಫಿಕೇಷನ್ ಎಲೆಕ್ಷನ್) ಅನ್ನೋ ಪದ ಕಣ್ಣಿಗೆ ಬೀಳತ್ತೆ. ಕಂಪನಿ ಜೊತೆ ಸಂಬಳ, ಕೆಲಸದ ಷರತ್ತುಗಳ ಚೌಕಾಸಿಗೆ ತಮ್ಮ ಪರ ಒಂದು ಯೂನಿಯನ್ ಬೇಕಾ ಬೇಡ್ವಾ ಅಂತ ಅಮೆರಿಕದ ಕೆಲಸಗಾರರು ಹಾಕೋ ಮತ ಅದು. ಆದ್ರೆ ಆ ಪದದ ಹಿಂದೆನೇ 'ಅಧ್ಯಕ್ಷ ಯಾರಾದ್ರು?' ಅನ್ನೋ ಪ್ರಶ್ನೆ. ಮೊನ್ನೆ ಒಬ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಕಂಪನಿ ಸೀಟು ಉಳಿಸ್ಕೊಳ್ತು' ಅಂತ ಬರೆದಿದ್ರು. ಸೀಟೇ ಇಲ್ಲ ಸ್ವಾಮಿ ಅಲ್ಲಿ!

ತಪ್ಪು ಓದೋರದ್ದಷ್ಟೇ ಅಲ್ಲ, 'ಪ್ರಮಾಣ'ದ್ದೂ ಇದೆ. ನಮಗೆ ಪ್ರಮಾಣ ಅಂದ್ರೆ ಮಂತ್ರಿಗಳ ಪ್ರಮಾಣವಚನ, ದೇವರ ಮುಂದೆ ಆಣೆ-ಪ್ರಮಾಣ, ನಾಡಕಚೇರಿಯ ಜಾತಿ ಪ್ರಮಾಣಪತ್ರ, ಇಲ್ಲಾ ಸಾರಿಗೆ ಉಪ್ಪಿನ ಪ್ರಮಾಣ. ಇದ್ರಲ್ಲಿ ಮೂಲಕ್ಕೆ ಹತ್ರ ಇರೋದು ಉಪ್ಪೇ, ಯಾಕಂದ್ರೆ ಧಾತು 'ಮಾ', ಅಳೆಯೋದು. ತರ್ಕಶಾಸ್ತ್ರದವ್ರು ಅದನ್ನೇ ಹಿಡಿದು ಸರಿಯಾದ ತಿಳಿವಳಿಕೆಗೆ ದಾರಿ ಯಾವುದೋ ಅದು ಪ್ರಮಾಣ ಅಂದ್ರು, ಪ್ರತ್ಯಕ್ಷ (ಕಣ್ಣಾರೆ ಕಂಡಿದ್ದು), ಅನುಮಾನ (ಸಂಶಯ ಅಲ್ಲ, ತರ್ಕದಿಂದ ತಿಳಿಯೋದು) ಹೀಗೆ. ಆ ಕಡೆ ಸರ್ಟಿಫೈ ಅನ್ನೋದ್ರ ಬುಡದಲ್ಲಿ ಲ್ಯಾಟಿನ್ನಿನ 'ಸೆರ್ತುಸ್' ಇದೆ, ಖಚಿತ ಅಂತ, ಅದು ಹುಟ್ಟಿದ್ದು 'ಸೆರ್ನೆರೆ'ಯಿಂದ, ಅಂದ್ರೆ ಜರಡಿ ಹಿಡಿಯೋದು. ಒಂದು ಕಡೆ ಅಳತೆ, ಇನ್ನೊಂದು ಕಡೆ ಜರಡಿ, ಎರಡೂ ಇಲ್ಲಿಗೆ ಚೆನ್ನಾಗೇ ಹೊಂದತ್ತೆ, ಹೊಂದದೇ ಇರೋದು ಆಣೆ ಮತ್ತು ಪದವಿ.

ಅಮೆರಿಕದ 1935ರ ಕಾರ್ಮಿಕ ಕಾಯ್ದೆ ಪ್ರಕಾರ ಒಂದು ಯೂನಿಟ್ಟಿನ, ಅಂದ್ರೆ ಒಟ್ಟಿಗೆ ಚೌಕಾಸಿಗೆ ಕೂರೋ ಗುಂಪಿನ, 30% ಕೆಲಸಗಾರರು ಯೂನಿಯನ್ ಬೇಕು ಅಂತ ಸಹಿ ಹಾಕಿದ ಕಾರ್ಡು ಇದ್ರೆ ಎನ್‌ಎಲ್‌ಆರ್‌ಬಿ ಅನ್ನೋ ಸರ್ಕಾರಿ ಮಂಡಳಿ ಮತದಾನ ಮಾಡಿಸಬಹುದು. ಬ್ಯಾಲೆಟ್ಟಿನಲ್ಲಿ ಯಾವ ಮನುಷ್ಯರ ಹೆಸರೂ ಇರಲ್ಲ, ಚೌಕಾಸಿಗೆ ಈ ಯೂನಿಯನ್ ನಿಮ್ಮ ಪರ ಕೂರಬೇಕಾ, ಹೌದು, ಇಲ್ಲ, ಎರಡು ಚೌಕ. ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕು, ಸಮಸಮ ಆದ್ರೆ ಯೂನಿಯನ್ ಸೋತಂಗೆ. ಗೆದ್ದ ದಿನವೇ ಸರ್ಟಿಫಿಕೇಷನ್, ಅಂದ್ರೆ ಚೌಕಾಸಿಗೆ ಈ ಯೂನಿಯನ್ನೇ ಪ್ರತಿನಿಧಿ ಅನ್ನೋ ಮಂಡಳಿಯ ಮುದ್ರೆ, ಬಿತ್ತು ಅಂತಲೂ ಅಲ್ಲ: ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಅಮೆಜಾನ್ ಗೋದಾಮಿನಲ್ಲಿ ಯೂನಿಯನ್ 2,654-2,131ರಲ್ಲಿ ಗೆದ್ದಿದ್ದು 2022ರ ಏಪ್ರಿಲ್‌ನಲ್ಲಿ, ಕಂಪನಿ ಆಕ್ಷೇಪಣೆಗಳ ಜರಡಿ ದಾಟಿ ಸರ್ಟಿಫಿಕೇಷನ್ ಬಂದಿದ್ದು 2023ರ ಜನವರಿಯಲ್ಲಿ. ನಮ್ಮಲ್ಲಿ ಯೂನಿಯನ್ ರಿಜಿಸ್ಟರ್ ಮಾಡಿಸ್ತೀವಲ್ಲ, ಅದು ಬೇರೆನೇ, ದಯವಿಟ್ಟು ಎರಡನ್ನೂ ಕಲಸಬೇಡಿ.

ಇನ್ನು ಮಾಲೀಕರು. ಅವರು ಅಭ್ಯರ್ಥಿಯೂ ಅಲ್ಲ, ಮತದಾರರೂ ಅಲ್ಲ, ಎಣಿಸೋರಂತೂ ಅಲ್ಲವೇ ಅಲ್ಲ. ಮತದಾರರ ಹೆಸರು, ವಿಳಾಸದ ಪಟ್ಟಿ ಕೊಡಬೇಕು, ನೋಟೀಸು ಅಂಟಿಸಬೇಕು, ಮತಗಟ್ಟೆಗೆ ತಮ್ಮ ಕಡೆಯಿಂದ ಒಬ್ಬ ವೀಕ್ಷಕನನ್ನ ಕಳಿಸಬಹುದು, ಅವನು ಸೂಪರ್‌ವೈಸರ್ ಆಗಿರಬಾರದು. ಯೂನಿಯನ್ ಬೇಡ ಅಂತ ಮಾತಾಡೋ ಹಕ್ಕನ್ನ ಆ ಅಮೆರಿಕದ ಕಾಯ್ದೆಗೆ ಬಂದ 1947ರ ತಿದ್ದುಪಡಿ ಕೊಟ್ಟಿದೆ, ಆದ್ರೆ ಕೆಲಸ ಹೋಗತ್ತೆ ಅಂತ ಹೆದರಿಸೋದು, ಬೇಡ ಅಂದ್ರೆ ಸಂಬಳ ಏರಿಸ್ತೀನಿ ಅನ್ನೋದು, ಯಾರ್‍ಯಾರು ಮೀಟಿಂಗಿಗೆ ಹೋದ್ರು ಅಂತ ಕಣ್ಣಿಡೋದು ಇದಕ್ಕೆಲ್ಲ ಅವಕಾಶ ಇಲ್ಲ. ಮತದಾನಕ್ಕೆ ಮುಂಚಿನ 24 ಗಂಟೆಯಲ್ಲಿ ಕೆಲಸದ ಹೊತ್ತಲ್ಲಿ ಎಲ್ಲರನ್ನೂ ಗುಡ್ಡೆಹಾಕಿ ಭಾಷಣ ಬಿಗಿಯೋ ಹಂಗೂ ಇಲ್ಲ.

ಮಾಲೀಕರು ಗೆರೆ ದಾಟಿದ್ದಕ್ಕೊಂದು ಉದಾಹರಣೆ: ಅಮೆರಿಕದ ಅಲಬಾಮ ರಾಜ್ಯದ ಬೆಸೆಮರ್‌ನಲ್ಲಿರೋ ಅಮೆಜಾನ್ ಗೋದಾಮಿನಲ್ಲಿ 2021ರಲ್ಲಿ ಅಂಚೆ ಮತದಾನ ನಡೀತು. ಅಮೆಜಾನ್ ಒತ್ತಾಯದ ಮೇಲೆ ಅಂಚೆ ಇಲಾಖೆ ಗೋದಾಮಿನ ಬಾಗಿಲ ಹತ್ರನೇ ಡಬ್ಬಿ ಇಟ್ಟಿತು, ಕಂಪನಿ ಅದರ ಸುತ್ತ ಟೆಂಟ್ ಹಾಕಿ ತನ್ನ ಪ್ರಚಾರದ ಸ್ಲೋಗನ್ನು ಬರೆಸ್ತು. ಯೂನಿಯನ್ ದೊಡ್ಡ ಅಂತರದಲ್ಲೇ ಸೋತಿತ್ತು, ಆದ್ರೂ ಮತದಾನ ಕಂಪನಿ ಕೈಲಿದೆ ಅಂತ ಜನಕ್ಕೆ ಅನ್ಸೋ ಹಾಗಾಯ್ತು ಅಂತ ಮಂಡಳಿಯ ಪ್ರಾದೇಶಿಕ ಅಧಿಕಾರಿ ಮರುಮತದಾನಕ್ಕೆ ಆರ್ಡರ್ ಮಾಡಿದ್ರು.