ಸಣ್ಣ ಥ್ರೆಡ್ಡಿನ ಮೋಹ

ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಮೊನ್ನೆ ರೈತರೊಬ್ಬರು ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಬೋಲ್ಟು ಕೇಳುತ್ತಿದ್ದರು. "ಸಣ್ಣ ಥ್ರೆಡ್ಡಿನದೇ ಕೊಡಿ, ಅದು ಸಡಿಲವಾಗುವುದಿಲ್ಲ." ಕೌಂಟರಿನ ಮೇಲೆಯೇ ಅವರ ಹಳೆಯ ನಟ್ಟನ್ನು ಹಾಕಿ ನೋಡಿದರೆ ಒಂದೂವರೆ ಸುತ್ತಿಗೇ ಕಚ್ಚಿಕೊಂಡಿತು. ಎರಡೂ 10 ಮಿಲಿಮೀಟರಿನವೇ. ಆದರೆ ಹಳೆಯ ನಟ್ಟಿನ ಪಿಚ್, ಅಂದರೆ ಥ್ರೆಡ್ಡಿನ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ, 1.5 ಮಿಲಿಮೀಟರ್; ಸಣ್ಣ ಥ್ರೆಡ್ಡಿನ ಬೋಲ್ಟಿನದು 1.25.

ಸಣ್ಣ ಥ್ರೆಡ್ ಸಡಿಲವಾಗುವುದಿಲ್ಲ ಎಂಬ ಈ ನಂಬಿಕೆಯ ಬುಡ ನೋಡೋಣ. ಥ್ರೆಡ್ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಕಾಗದದ ತ್ರಿಕೋನವನ್ನು ಪೆನ್ಸಿಲ್ಲಿಗೆ ಸುತ್ತಿದರೆ ಕಾಣುತ್ತದೆ. 1.5 ಪಿಚ್ಚಿನ ಏರು ಸುಮಾರು 3 ಡಿಗ್ರಿ, 1.25ರದು ಎರಡೂವರೆ. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಲು ಸಾಮಾನ್ಯವಾಗಿ ಎಂಟು ಡಿಗ್ರಿಯಾದರೂ ಬೇಕು. ಹಾಗಾಗಿ ನಟ್ಟು ಎರಡರಲ್ಲೂ ನಿಲ್ಲುತ್ತದೆ.

ಮತ್ತೆ ಬಿಚ್ಚಿಕೊಳ್ಳುವುದೇಕೆ? ಅಡ್ಡ ಅಲುಗಾಟದಿಂದ. ಓರೆ ಹಲಗೆಯ ಮೇಲೆ ಜೋಳದ ಚೀಲ ಕದಲದೆ ಕೂತಿರುತ್ತದೆ. ಹಲಗೆಯನ್ನು ಅಡ್ಡಕ್ಕೆ ಜೋರಾಗಿ ಅಲುಗಿಸಿ, ಚೀಲ ಅಡ್ಡ ಜಾರುತ್ತಲೇ ಕೆಳಕ್ಕೂ ಸರಿಯುತ್ತದೆ. ನಟ್ಟಿನ ಪಾಡೂ ಇದೇ ಎಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿದರು. ಇದನ್ನು ತಡೆಯುವುದು ಬಿಗಿತ: ಬಿಗಿದ ಬೋಲ್ಟು ನೂಲಿನ ಮಂಚದ ಹುರಿಯಂತೆ ಎಳೆದುಕೊಂಡು ತುಂಡುಗಳನ್ನು ಒಂದಕ್ಕೊಂದು ಒತ್ತಿಹಿಡಿಯುತ್ತದೆ. ಆಯುಧಪೂಜೆಗೆ ಸ್ಪ್ಯಾನರಿಗೆ ಕುಂಕುಮ ಹಚ್ಚುವವರು ವರ್ಷವಿಡೀ ಆ ಬಿಗಿತವನ್ನು ಒಮ್ಮೆಯೂ ನೋಡದಿದ್ದರೆ ಯಾವ ಪಿಚ್ಚೂ ಕಾಯುವುದಿಲ್ಲ.

ಮೊದಲು ಪ್ರತಿ ಕಾರ್ಖಾನೆಗೂ ಅದರದೇ ಥ್ರೆಡ್ ಇತ್ತು. ಇಂಗ್ಲೆಂಡಿನ ಎಂಜಿನಿಯರ್ ವಿಟ್‌ವರ್ತ್ 1841ರಲ್ಲಿ ಎಲ್ಲರಿಗೂ ಒಂದೇ ಆಗಲೆಂದು, ಹಲ್ಲಿನ ಎರಡು ಬದಿಗಳ ನಡುವೆ 55 ಡಿಗ್ರಿ ಕೋನವಿರುವ ಅಳತೆಯನ್ನು ಮುಂದಿಟ್ಟರು. 1864ರಲ್ಲಿ ಅಮೆರಿಕದ ಸೆಲರ್ಸ್, ಕೊರೆಯುವುದು ಸುಲಭವೆಂದು 60 ಡಿಗ್ರಿ ಎಂದರು; ಇಂದಿನ ಮೆಟ್ರಿಕ್ ಥ್ರೆಡ್ಡಿನದೂ 60. ಹರಿಹರದಲ್ಲಿ ಲೇತ್ ತಯಾರಾಗುತ್ತಿದ್ದ ದಿನಗಳವರಿಗೆ ಇದು ಹಳೆಯ ಕತೆ.

ಸಣ್ಣ ಥ್ರೆಡ್ಡಿಗೂ ಅದರ ಜಾಗವಿದೆ. ಹಲ್ಲು ಆಳವಿಲ್ಲದ ಕಾರಣ ಒಳಗೆ ಲೋಹ ಹೆಚ್ಚು ಉಳಿಯುತ್ತದೆ: 10 ಮಿಲಿಮೀಟರಿನ ಬೋಲ್ಟಿನಲ್ಲಿ ಎಳೆತ ತಾಳುವ ಅಡ್ಡಕೊಯ್ತ 58ರಿಂದ 61 ಚದರ ಮಿಲಿಮೀಟರಿಗೆ ಏರುತ್ತದೆ. ಕೂದಲೆಳೆಯಷ್ಟು ಹೊಂದಿಸುವಲ್ಲಿ, ಗೋಡೆ ತೆಳುವಾದಲ್ಲಿ ಅದೇ ಸರಿ. ಬಹುತೇಕ ಸ್ಪಾರ್ಕ್ ಪ್ಲಗ್ಗುಗಳ 14 ಮಿಲಿಮೀಟರಿನ ಮೈಗೆ 1.25ರ ಪಿಚ್.

ಮಣ್ಣು, ತುಕ್ಕು, ಅವಸರ ಇರುವಲ್ಲಿ ದೊಡ್ಡ ಥ್ರೆಡ್ಡೇ ಬೇಕು. ಬೇಗ ಕೂರುತ್ತದೆ, ಓರೆಯಾಗಿ ಕಚ್ಚುವುದು ಕಡಿಮೆ, ಎರಕದ ಕಬ್ಬಿಣದಲ್ಲೂ ಅಲ್ಯುಮಿನಿಯಮ್ಮಿನಲ್ಲೂ ಹಲ್ಲು ಸುಲಭವಾಗಿ ಕಿತ್ತುಬರುವುದಿಲ್ಲ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ತಿರುಗುವಂಥ ಗಾಳಿಯಂತ್ರಗಳ ಗೋಪುರಕ್ಕೆ ಹಾಕುವ ಭಾರಿ ಬೋಲ್ಟುಗಳು ಸಾಮಾನ್ಯವಾಗಿ ದೊಡ್ಡ ಥ್ರೆಡ್ಡಿನವೇ. ರೈತರಿಗೆ ಇಷ್ಟನ್ನೂ ಹೇಳಿದೆ. ಅವರು 1.5ರದನ್ನು ಕೈಗೆತ್ತಿಕೊಂಡು ಹಳೆಯ ನಟ್ಟನ್ನು ಬೆರಳಲ್ಲೇ ಕೊನೆಯವರೆಗೂ ತಿರುಗಿಸಿದರು. ಆಮೇಲೆ ಇನ್ನೂ ಮೂರು ಕೇಳಿದರು.