ಐವತ್ತಕ್ಕೇ ಪಿಂಚಣಿ: ಸಿಐಎಯಲ್ಲಿ 'ಅರ್ಹತಾದಾಯಕ ಸೇವೆ' ಅಂದರೆ ಏನು?

ನಮ್ಮಪ್ಪ ನಿವೃತ್ತಿಗೆ ಒಂದು ವರ್ಷ ಇರುವಾಗ ಎಸ್‌ಆರ್ ಪುಸ್ತಕದ ನಕಲು ಮುಂದಿಟ್ಟುಕೊಂಡು ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ಕೆಲಸಕ್ಕೆ ಸೇರಿದ ತಾರೀಖು, ಪ್ರೊಬೇಷನ್ ಮುಗಿದ ದಿನ, ಅಜ್ಜಿಗೆ ಹುಷಾರಿಲ್ಲದಾಗ ಸಂಬಳವಿಲ್ಲದೆ ಹಾಕಿದ ನಾಲ್ಕು ತಿಂಗಳ ರಜೆ. ಎಲ್ಲವನ್ನೂ ಪೆನ್ಸಿಲಿನಲ್ಲಿ ಕೂಡಿ ಕಳೆದು, ಕೊನೆಗೆ ಒಂದು ಸಂಖ್ಯೆಯ ಸುತ್ತ ಗುಂಡಗೆ ಗೆರೆ ಎಳೆದರು. ಅದು ಅವರ ಅರ್ಹತಾದಾಯಕ ಸೇವೆ. ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವರಿಗೆ ಈ ಪದ ಹೊಸದೇನಲ್ಲ. ಪಿಂಚಣಿಗೆ ಲೆಕ್ಕಕ್ಕೆ ಬರುವ ವರ್ಷಗಳು ಅಂತ ಅರ್ಥ. ಆ ವರ್ಷಗಳಲ್ಲಿ ನೀವು ಕಚೇರಿಯಲ್ಲಿ ಕೂತು ಕಡತ ಬರೆದಿರೋ, ಬಿಸಿಲಲ್ಲಿ ಊರೂರು ಸುತ್ತಿದಿರೋ ಅಂತ ಯಾರೂ ಕೇಳುವುದಿಲ್ಲ. ದಿನ ಎಣಿಸಿದರೆ ಮುಗಿಯಿತು.

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಪಿಂಚಣಿ ಕಾನೂನಿನಲ್ಲೂ ಇದೇ ಪದ ಇದೆ. ಆದರೆ ಅಲ್ಲಿ ಅದರ ಅರ್ಥ ಬೇರೆ. ಅಲ್ಲಿ ಕೇಳುವುದು ಎಷ್ಟು ವರ್ಷ ಅಂತ ಮಾತ್ರ ಅಲ್ಲ, ಎಲ್ಲಿದ್ದೆ, ಏನು ಮಾಡಿದೆ ಅಂತಲೂ. ಈ ಒಂದು ಪದ ತಿಳಿದರೆ, ಐವತ್ತನೇ ವಯಸ್ಸಿಗೇ ಪಿಂಚಣಿ ಕೊಡುವ ಆ ಇಡೀ ವ್ಯವಸ್ಥೆ ತಿಳಿದ ಹಾಗೆ. ಅದನ್ನು ಬದಲಿಸಬೇಕು ಅಂತ ಪದೇ ಪದೇ ಏಳುವ ಜಗಳವೂ ಅರ್ಥವಾಗುತ್ತೆ.

ಮೊದಲು ಹೆಸರು. ಕಾನೂನಿನ ಪೂರ್ತಿ ಹೆಸರು 'ಕೆಲವು ನೌಕರರಿಗಾಗಿ ಸಿಐಎ ನಿವೃತ್ತಿ ಕಾಯ್ದೆ, 1964'. 'ಕೆಲವು ನೌಕರರಿಗಾಗಿ' ಅನ್ನೋದು ಹೆಸರಲ್ಲೇ ಇದೆ ನೋಡಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ, 1964ರ ಅಕ್ಟೋಬರ್ 13ರಂದು ಇದು ಜಾರಿಗೆ ಬಂತು. ಇದರಿಂದ ಹುಟ್ಟಿದ ವ್ಯವಸ್ಥೆಗೆ 'ಸಿಐಎ ನಿವೃತ್ತಿ ಮತ್ತು ಅಂಗವೈಕಲ್ಯ ವ್ಯವಸ್ಥೆ' ಅಂತ ಹೆಸರು. ಇಂಗ್ಲಿಷಿನ ಮೊದಲಕ್ಷರ ಕೂಡಿಸಿದರೆ ಸಿಐಎಆರ್‌ಡಿಎಸ್. ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತೆ, ಹಾಗಾಗಿ ಇಲ್ಲಿ ಸುಮ್ನೆ 'ಏಜೆನ್ಸಿ ಪಿಂಚಣಿ' ಅನ್ನೋಣ.

ಸಿಐಎ ಶುರುವಾದದ್ದು 1947ರಲ್ಲಿ. ಮೊದಲ ಹದಿನೇಳು ವರ್ಷ ಅಲ್ಲಿನವರಿಗೂ ಅಮೆರಿಕದ ಉಳಿದ ಕೇಂದ್ರ ನೌಕರರಿಗೆ ಇದ್ದ ಪಿಂಚಣಿಯೇ ಇತ್ತು. 1920ರಿಂದ ನಡೆದುಬಂದ ಸಿವಿಲ್ ಸರ್ವಿಸ್ ಪಿಂಚಣಿ ಅದು. ಅದರಲ್ಲಿ, 1966ರಲ್ಲಿ ನೆಲೆಗೊಂಡ ನಿಯಮದಂತೆ, ಮೂವತ್ತು ವರ್ಷ ದುಡಿದರೆ 55ಕ್ಕೆ ಹೋಗಬಹುದು, ಇಪ್ಪತ್ತು ವರ್ಷವಾಗಿದ್ದರೆ 60ಕ್ಕೆ, ಬರೀ ಐದಾಗಿದ್ದರೆ 62ಕ್ಕೆ. ಗುಮಾಸ್ತರಿಗೆ, ಎಂಜಿನಿಯರಿಗೆ ಇದು ಸರಿಯೇ. ಆದರೆ ಸುಳ್ಳು ಹೆಸರಿನಲ್ಲಿ ಬೇರೆ ದೇಶದಲ್ಲಿ ಹತ್ತು ಹದಿನೈದು ವರ್ಷ ಕಳೆದವರ ಕಥೆ ಬೇರೆ. ಒಮ್ಮೆ ಗುರುತು ಸಿಕ್ಕಿಬಿದ್ದರೆ ಆ ದೇಶಕ್ಕೆ ಮತ್ತೆ ಕಳಿಸುವಂತಿಲ್ಲ. ವಯಸ್ಸಾದಂತೆ ರಾತ್ರಿಯ ಓಡಾಟ ಆಗುವುದಿಲ್ಲ. ಹೊರಗೆ ಬೇರೆ ಕೆಲಸ ಹುಡುಕೋಣ ಅಂದರೆ, 'ಕಳೆದ ಇಪ್ಪತ್ತು ವರ್ಷ ಏನು ಮಾಡಿದಿರಿ?' ಅನ್ನುವ ಮೊದಲ ಪ್ರಶ್ನೆಗೇ ಬಾಯಿ ಬಿಡುವ ಹಾಗಿಲ್ಲ. ಐವತ್ತರ ಮನುಷ್ಯ ಬಯೋಡೇಟಾದಲ್ಲಿ ಖಾಲಿ ಬಿಟ್ಟ ಆ ಜಾಗ ಇದೆಯಲ್ಲ, 1964ರ ಕಾಯ್ದೆ ಹುಟ್ಟಿದ್ದೇ ಅದಕ್ಕಾಗಿ ಅಂತ ನನಗನ್ನಿಸುತ್ತೆ. ಬಹುಮಾನ ಅಲ್ಲ ಇದು, ಪರಿಹಾರ.

ಮಾದರಿ ಹೊಸದಾಗಿ ಹುಡುಕಲಿಲ್ಲ. ವಿದೇಶಾಂಗ ಇಲಾಖೆಯ ರಾಯಭಾರಿ ಅಧಿಕಾರಿಗಳಿಗೆ 1924ರಿಂದಲೇ ಬೇರೆ ಪಿಂಚಣಿ ಇತ್ತು. ಅದನ್ನೇ ಹೆಚ್ಚೂಕಮ್ಮಿ ಇಲ್ಲಿಗೂ ತಂದರು. ಷರತ್ತು ಇಷ್ಟು: ವಯಸ್ಸು 50 ಆಗಿರಬೇಕು, ಒಟ್ಟು ಸೇವೆ 20 ವರ್ಷ ಇರಬೇಕು. ಅದರಲ್ಲಿ ಕನಿಷ್ಠ 10 ವರ್ಷ ಸಿಐಎಯಲ್ಲೇ ಆಗಿರಬೇಕು. ಆ ಹತ್ತರಲ್ಲಿ ಕನಿಷ್ಠ 5 ವರ್ಷ 'ಅರ್ಹತಾದಾಯಕ' ಆಗಿರಬೇಕು. ಇಷ್ಟೆಲ್ಲ ಇದ್ದರೂ ಸಿಐಎಯ ಮುಖ್ಯಸ್ಥ, ಅಂದರೆ ಡೈರೆಕ್ಟರ್, ಒಪ್ಪಬೇಕು.

ಈಗ ಆ ಐದು ವರ್ಷಕ್ಕೆ ಬರೋಣ. ಕಾಯ್ದೆಯ ಸೆಕ್ಷನ್ 203 ಇದಕ್ಕೆ ಎರಡು ಬಾಗಿಲು ತೆರೆದಿದೆ. ಒಂದು, ಹೊರದೇಶಗಳಲ್ಲಿ ಏಜೆನ್ಸಿ ನಡೆಸುವ ಕೆಲಸಗಳಿಗೆ ಸಂಬಂಧಪಟ್ಟ, ಜೀವಕ್ಕೋ ಆರೋಗ್ಯಕ್ಕೋ ಅಪಾಯ ಇರುವ ಕರ್ತವ್ಯ. ಇದು ಸುಲಭವಾಗಿ ಅರ್ಥವಾಗುತ್ತೆ. ಎರಡನೆಯದು ಸ್ವಲ್ಪ ಜಾರುವ ಜಾಗ. ಭದ್ರತೆಯ ಕಾರಣಕ್ಕೆ ಕೆಲಸ ಎಷ್ಟು ವಿಶೇಷವಾಗಿರಬೇಕು ಅಂದರೆ, ಮಾಮೂಲಿ ಸರ್ಕಾರಿ ನೌಕರಿಗಿಂತ ಅದು ಬೇರೆ ಅಂತ ಸ್ಪಷ್ಟವಾಗಿ ಕಾಣಬೇಕು. ಯಾರಿಗೆ ಕಾಣಬೇಕು? ಡೈರೆಕ್ಟರಿಗೆ. ಕೆಲಸವೇ ಗುಟ್ಟು, ಹಾಗಾಗಿ 'ನನ್ನ ಕೆಲಸವೂ ಬೇರೆಯೇ' ಅಂತ ಹೊರಗೆ ಹೇಳಿಕೊಂಡು ವಾದ ಮಾಡುವುದು ಕಷ್ಟ.

ವರ್ಜೀನಿಯಾದ ಲ್ಯಾಂಗ್ಲಿಯಲ್ಲಿರುವ ಮುಖ್ಯ ಕಚೇರಿಯಲ್ಲಿ ವರದಿ ಓದಿ ವಿಶ್ಲೇಷಣೆ ಬರೆಯುವವರು ಸಾವಿರಾರು ಜನ. ಅವರ ಕೆಲಸವೂ ಗುಟ್ಟಿನದೇ. ಅವರೂ ಹೆಂಡತಿ ಮಕ್ಕಳ ಹತ್ತಿರ ಕಚೇರಿಯ ಸುದ್ದಿ ಎತ್ತುವಂತಿಲ್ಲ. ಆದರೆ ಸಂಜೆ ಮನೆಗೆ ಬರುತ್ತಾರೆ, ಸ್ವಂತ ಹೆಸರಿನಲ್ಲೇ ಬದುಕುತ್ತಾರೆ. ಅವರಲ್ಲಿ ಹೆಚ್ಚಿನವರು ಮಾಮೂಲಿ ಪಿಂಚಣಿಯಲ್ಲೇ ಉಳಿದರು. ಒಂದೇ ಸಂಸ್ಥೆ, ಒಂದೇ ಕ್ಯಾಂಟೀನು, ಎರಡು ನಿವೃತ್ತಿ ವಯಸ್ಸು. ಹೊಟ್ಟೆಕಿಚ್ಚು ಬಾರದೇ ಇರುತ್ತಾ?

ಇನ್ನೊಂದು ವಿಶೇಷ ಇದೆ. ಸಿಐಎಯಲ್ಲಿ 15 ವರ್ಷ ತುಂಬಿದಾಗ ಡೈರೆಕ್ಟರ್ ಒಮ್ಮೆ ತೀರ್ಮಾನ ಮಾಡುತ್ತಾರೆ. ಈ ವ್ಯಕ್ತಿಯ ವೃತ್ತಿಬದುಕು ಅರ್ಹವೇ ಅಲ್ಲವೇ ಅಂತ. ಅರ್ಹ ಅಂತಾದರೆ ನೌಕರ ಈ ವ್ಯವಸ್ಥೆಯಲ್ಲೇ ಉಳಿಯುತ್ತೇನೆ ಅಂತ ಬರೆದುಕೊಡಬಹುದು. ಆ ಆಯ್ಕೆಯನ್ನು ಆಮೇಲೆ ಡೈರೆಕ್ಟರೂ ಮರುಪರಿಶೀಲನೆ ಮಾಡುವಂತಿಲ್ಲ.

ಹಣದ ವಿಷಯಕ್ಕೆ ಬಂದರೆ, ಇದರಲ್ಲಿ ಎಷ್ಟು ಜಾಸ್ತಿ ಸಿಗುತ್ತೆ? ಅಂದುಕೊಂಡಷ್ಟು ಇಲ್ಲ. ಏಜೆನ್ಸಿ ಪಿಂಚಣಿಯಲ್ಲಿ ಪ್ರತಿ ವರ್ಷದ ಸೇವೆಗೆ ಸರಾಸರಿ ಸಂಬಳದ ಶೇ 2ರಂತೆ, ಹೆಚ್ಚೆಂದರೆ 35 ವರ್ಷದವರೆಗೆ. ಅಂದರೆ ಶೇ 70ಕ್ಕೆ ನಿಲ್ಲುತ್ತೆ. ಹಳೆಯ ಸಿವಿಲ್ ಸರ್ವಿಸ್ ಪಿಂಚಣಿಯಲ್ಲಿ ಮೊದಲ ಐದು ವರ್ಷಕ್ಕೆ ಶೇ 1.5, ಮುಂದಿನ ಐದಕ್ಕೆ ಶೇ 1.75, ಆಮೇಲೆ ಶೇ 2. ಇಪ್ಪತ್ತು ವರ್ಷ ದುಡಿದ ಒಬ್ಬನನ್ನು ತೆಗೆದುಕೊಳ್ಳಿ. ಅವನ ಅತಿ ಹೆಚ್ಚು ಸಂಬಳದ ಮೂರು ವರ್ಷದ ಸರಾಸರಿ 20,000 ಡಾಲರ್ ಅಂತಿಟ್ಟುಕೊಳ್ಳೋಣ. ಏಜೆನ್ಸಿ ಲೆಕ್ಕದಲ್ಲಿ ಶೇ 40, ಅಂದರೆ ವರ್ಷಕ್ಕೆ 8,000 ಡಾಲರ್. ಮಾಮೂಲಿ ಲೆಕ್ಕದಲ್ಲಿ ಶೇ 36.25, ಅಂದರೆ 7,250. ವರ್ಷಕ್ಕೆ 750 ಡಾಲರಿನ ವ್ಯತ್ಯಾಸ, ಅಷ್ಟೇ.

ನಿಜವಾದ ಲಾಭ ಇರುವುದು ಯಾವಾಗ ಸಿಗುತ್ತೆ ಅನ್ನುವುದರಲ್ಲಿ. ಮಾಮೂಲಿ ಪಿಂಚಣಿಯವನು ಇಪ್ಪತ್ತು ವರ್ಷ ಮುಗಿಸಿ ಐವತ್ತಕ್ಕೆ ತಾನಾಗಿ ರಾಜೀನಾಮೆ ಕೊಟ್ಟರೆ, ಪಿಂಚಣಿ ಶುರುವಾಗುವುದು 62ಕ್ಕೆ. ಏಜೆನ್ಸಿ ಪಿಂಚಣಿಯವನಿಗೆ ಕೂಡಲೇ ಶುರು. ವಯಸ್ಸು ಕಡಿಮೆ ಅಂತ ಕಡಿತವೂ ಇಲ್ಲ. ಹನ್ನೆರಡು ವರ್ಷಕ್ಕೆ 8,000ದಂತೆ 96,000 ಡಾಲರ್ ಮೊದಲೇ ಕೈಗೆ ಬಂದಹಾಗೆ. ಮಕ್ಕಳು ಕಾಲೇಜಿಗೆ ಹೋಗುವ ವಯಸ್ಸು ಅದು.

ಐವತ್ತಕ್ಕೆ ಹೋಗಬಹುದು ಅನ್ನುವ ಈ ಸೌಲಭ್ಯದ ಬೆನ್ನಿಗೇ ಇನ್ನೊಂದು ಮಾತೂ ಇತ್ತು. ಅರವತ್ತಕ್ಕೆ ಹೋಗಲೇಬೇಕು. ತೀರಾ ಮೇಲಿನ ದರ್ಜೆಯವರಿಗೆ ಮಾತ್ರ 65. ನಮ್ಮಲ್ಲಿ 60ಕ್ಕೆ ನಿವೃತ್ತಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅಮೆರಿಕದಲ್ಲಿ ಸಾಮಾನ್ಯ ಕೇಂದ್ರ ನೌಕರರಿಗೆ ಆಗ 70ರ ಮಿತಿ ಇತ್ತು, 1978ರಲ್ಲಿ ಅದನ್ನೂ ತೆಗೆದರು. ಹಾಗಾಗಿ 60 ಅನ್ನೋದು ಅಲ್ಲಿ ನಿಜಕ್ಕೂ ಬೇಗ. ರಾಯಭಾರಿ ಸೇವೆಯ ಇದೇ ನಿಯಮದ ವಿರುದ್ಧ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ಕೋರ್ಟು ಸರ್ಕಾರದ ಪರ ತೀರ್ಪು ಕೊಟ್ಟಿತು.

ಸಂಸ್ಥೆಗೂ ಇದರಿಂದ ಅನುಕೂಲ ಇತ್ತು ಅನ್ನೋದನ್ನು ಮರೆಯಬಾರದು. ಶುರುವಿನ ವರ್ಷಗಳಲ್ಲಿ ಒಟ್ಟೊಟ್ಟಿಗೆ ಸೇರಿದವರೆಲ್ಲ ಒಟ್ಟೊಟ್ಟಿಗೆ ಮುದುಕರಾಗುತ್ತಿದ್ದರು. ಕೆಳಗಿನವರಿಗೆ ಬಡ್ತಿ ಸಿಗದೆ ದಾರಿ ಕಟ್ಟಿತ್ತು. ಆದರೂ ಅಮೆರಿಕದ ಸಂಸತ್ತು ಕಾಂಗ್ರೆಸ್ಸಿಗೆ ಇದು ಎಲ್ಲಿ ಕೈ ಮೀರುತ್ತೋ ಅನ್ನುವ ಭಯ. 1969ರ ಜೂನ್ 30ರೊಳಗೆ 400 ಜನರಿಗಿಂತ ಜಾಸ್ತಿ ಹೋಗಬಾರದು, ಮುಂದಿನ ಐದು ವರ್ಷದಲ್ಲಿ ಇನ್ನು 400 ಅಂತ ಕಾಯ್ದೆಯಲ್ಲೇ ಬರೆದಿದ್ದರು. ಆ ಮಿತಿ ಸಾಲದೆ ತಿದ್ದುಪಡಿ ತರಬೇಕಾಯಿತು. ಇನ್ನು 1977ರ ಅಕ್ಟೋಬರ್ 31ರಂದು ಡೈರೆಕ್ಟರ್ ಸ್ಟಾನ್ಸ್‌ಫೀಲ್ಡ್ ಟರ್ನರ್ 820 ಹುದ್ದೆ ಕಡಿತದ ಮೊದಲ ನೋಟಿಸುಗಳನ್ನು ಕಳಿಸಿದರು. ಅದು ಹ್ಯಾಲೋವೀನ್ ಹಬ್ಬದ ದಿನ. ಸಂಸ್ಥೆಯೊಳಗೆ ಅದಕ್ಕೆ 'ಹ್ಯಾಲೋವೀನ್ ಹತ್ಯಾಕಾಂಡ' ಅಂತಲೇ ಹೆಸರು ಬಿತ್ತು. ಇಂಥ ದಿನ ಐವತ್ತು ದಾಟಿದವನಿಗೂ ನಲವತ್ತೇಳರವನಿಗೂ ಎಷ್ಟು ವ್ಯತ್ಯಾಸ ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಕಾಯ್ದೆಗೆ ಬಂದ ತಿದ್ದುಪಡಿಗಳಲ್ಲಿ ನನಗೆ ತುಂಬಾ ಹಿಡಿಸಿದ್ದು 1982ರದ್ದು. ಗಂಡನ ಜೊತೆ ಊರೂರು, ದೇಶದೇಶ ಸುತ್ತಿದ ಹೆಂಡತಿಗೆ ಸ್ವಂತ ಕೆಲಸ ಅಂತ ಇರುತ್ತಿರಲಿಲ್ಲ, ಸ್ವಂತ ಪಿಂಚಣಿಯೂ ಇರುತ್ತಿರಲಿಲ್ಲ. ಗಂಡ ಯಾರು ಅಂತ ಬಾಯಿ ಮುಚ್ಚಿಕೊಂಡು ಮನೆಗೆ ಬಂದವರಿಗೆ ಅಡುಗೆ ಮಾಡಿ ಬಡಿಸಿದ್ದೂ ಅವಳೇ. ವಿಚ್ಛೇದನ ಆದರೆ ಕೈ ಖಾಲಿ. ಆ ವರ್ಷ ಕಾಂಗ್ರೆಸ್ಸು ಮಾಜಿ ಸಂಗಾತಿಗೂ ಪಾಲು ಕೊಟ್ಟಿತು. ಸೇವೆಯ ಕಾಲದಲ್ಲಿ ಕನಿಷ್ಠ ಹತ್ತು ವರ್ಷ ಮದುವೆ ಉಳಿದಿರಬೇಕು, ಅದರಲ್ಲಿ ಕನಿಷ್ಠ ಐದು ವರ್ಷ ಇಬ್ಬರೂ ಹೊರದೇಶದಲ್ಲಿ ಕಳೆದಿರಬೇಕು. ಆಗ ಪಿಂಚಣಿಯ ಅರ್ಧದವರೆಗೆ ಪಾಲು. ಗಮನಿಸಿದಿರಾ, ಇಲ್ಲೂ ಅದೇ ಐದು ವರ್ಷ. ಹೆಂಡತಿಗೂ ಒಂದು ಥರ ಅರ್ಹತಾದಾಯಕ ಸೇವೆ!

ದೊಡ್ಡ ಬದಲಾವಣೆ ಬಂದದ್ದು 1986ರಲ್ಲಿ. ಅಮೆರಿಕ ತನ್ನ ಎಲ್ಲ ಕೇಂದ್ರ ನೌಕರರಿಗೂ ಹೊಸ ಪಿಂಚಣಿ ಪದ್ಧತಿ ತಂದಿತು. ಅದರ ಹೆಸರು ಫೆರ್ಸ್, 1987ರ ಜನವರಿ 1ರಿಂದ ಜಾರಿ. 1984ರಿಂದ ಈಚೆಗೆ ಸೇರಿದವರೆಲ್ಲ ಅದರಡಿ ಬಂದರು. ನಮ್ಮಲ್ಲಿ ಹಳೆ ಪಿಂಚಣಿ ಹೋಗಿ ಎನ್‌ಪಿಎಸ್ ಬಂದಾಗ ಎದ್ದ ಗಲಾಟೆ ನೆನಪಿದ್ದವರಿಗೆ ಆ ಹೊತ್ತಿನ ಮೂಡು ಗೊತ್ತಾಗುತ್ತೆ. ಆದರೆ ಎನ್‌ಪಿಎಸ್ ಹಾಗಲ್ಲ ಇದು. ಫೆರ್ಸ್‌ನಲ್ಲಿ ಮೂರು ಕಾಲು: ಖಚಿತ ಪಿಂಚಣಿ ಸ್ವಲ್ಪ, ಸೋಷಿಯಲ್ ಸೆಕ್ಯುರಿಟಿ (ಅಮೆರಿಕದಲ್ಲಿ ದುಡಿಯುವ ಜನಸಾಮಾನ್ಯರಿಗೆ ಸರ್ಕಾರ ಕೊಡುವ ವೃದ್ಧಾಪ್ಯ ಪಿಂಚಣಿ) ಸ್ವಲ್ಪ, ನೌಕರನ ಉಳಿತಾಯ ಖಾತೆ ಸ್ವಲ್ಪ. ಮಾಮೂಲಿ ನೌಕರನಿಗೆ ವರ್ಷಕ್ಕೆ ಶೇ 1. ಸಿಐಎಯ 'ಅರ್ಹ'ರಿಗೆ ಮೊದಲ 20 ವರ್ಷಕ್ಕೆ ಶೇ 1.7, ಆಮೇಲೆ ಶೇ 1. ಐವತ್ತಕ್ಕೆ ಹೋಗುವ ಬಾಗಿಲು ಹಾಗೇ ಉಳಿಯಿತು. ಅದರ ಬೀಗದ ಕೈಯೂ ಅದೇ ಸೆಕ್ಷನ್ 203.

ಸೋಷಿಯಲ್ ಸೆಕ್ಯುರಿಟಿ ಬೇಗ ಅಂದರೂ 62ಕ್ಕೇ ಸಿಗುವುದು. ಹಾಗಾದರೆ ಐವತ್ತಕ್ಕೆ ಮನೆಗೆ ಹೋದವನ ಮೂರು ಕಾಲಿನಲ್ಲಿ ಒಂದು ಹನ್ನೆರಡು ವರ್ಷ ಇರುವುದೇ ಇಲ್ಲವಲ್ಲ? ಆ ಜಾಗಕ್ಕೆ ಸರ್ಕಾರವೇ 62ರವರೆಗೆ ಒಂದು ಪೂರಕ ಮೊತ್ತ ಕೊಡುತ್ತೆ. ಬೇಗ ನಿವೃತ್ತಿಯಾಗುವವರಿಗೆ ಇದೇ ಊರುಗೋಲು. 2025ರಲ್ಲಿ ಕಣ್ಣು ಬಿದ್ದದ್ದು ಇದರ ಮೇಲೆಯೇ. ಟ್ರಂಪ್ ಸರ್ಕಾರದ ದೊಡ್ಡ ತೆರಿಗೆ ಮಸೂದೆಗೆ ಈ ಪೂರಕ ಮೊತ್ತ ತೆಗೆಯುವ ಪ್ರಸ್ತಾಪವನ್ನೂ ಸೇರಿಸಿದ್ದರು. ಕಡ್ಡಾಯವಾಗಿ ಬೇಗ ನಿವೃತ್ತಿಯಾಗಬೇಕಾದ ಪೊಲೀಸ್ ಥರದ ಸೇವೆಗಳಿಗೆ ವಿನಾಯಿತಿ ಇಟ್ಟಿದ್ದರು. ಮೂರು ವರ್ಷದ ಸರಾಸರಿಯ ಬದಲು ಐದು ವರ್ಷದ ಸರಾಸರಿ ಹಿಡಿಯಬೇಕು ಅನ್ನುವ ಮಾತೂ ಬಂತು. ಕೇಳೋದಕ್ಕೆ ಸಣ್ಣದು, ಆದರೆ ಕೊನೆಯಲ್ಲಿ ಬಡ್ತಿ ಸಿಕ್ಕವನಿಗೆ ಬದುಕಿರುವವರೆಗೂ ಪಿಂಚಣಿ ಇಳಿಯುತ್ತೆ. ಜುಲೈ 4ರಂದು ಸಹಿಯಾದ ಕಾಯ್ದೆಯಲ್ಲಿ ಎರಡೂ ಇರಲಿಲ್ಲ. ಅದೇ ವರ್ಷ ಸಿಐಎ ತನ್ನ ನೌಕರರ ಮುಂದೆ ಸ್ವಯಂ ನಿರ್ಗಮನದ ಆಯ್ಕೆ ಇಟ್ಟಿತು. ಕೆಲವು ವರ್ಷಗಳಲ್ಲಿ ಸುಮಾರು 1,200 ಹುದ್ದೆ ಇಳಿಸುವ ಯೋಜನೆ ಇದೆ, ಅದರಲ್ಲಿ ಬೇಗ ನಿವೃತ್ತಿ ಪಡೆಯುವವರೂ ಸೇರುತ್ತಾರೆ ಅಂತ ಪತ್ರಿಕೆಗಳು ಬರೆದವು. ಪರಿಹಾರಕ್ಕೆ ಅಂತ ತೆರೆದ ಬಾಗಿಲೇ ಜನರನ್ನು ಕಳಿಸುವ ಬಾಗಿಲೂ ಆಗುತ್ತೆ, 1977ರಿಂದ ಇದೇ ಕಥೆ.

ವ್ಯವಸ್ಥೆಯ ಹೆಸರಿನಲ್ಲಿ 'ಅಂಗವೈಕಲ್ಯ' ಅಂತ ಒಂದು ಪದ ಇತ್ತಲ್ಲ, ಅದೂ ಸುಮ್ನೆ ಇದ್ದದ್ದಲ್ಲ. 2016ರಿಂದ ಕ್ಯೂಬಾದ ಹವಾನಾದಲ್ಲಿ ಅಮೆರಿಕದ ಅಧಿಕಾರಿಗಳಿಗೆ ತಲೆಸುತ್ತು, ಕಿವಿಯಲ್ಲಿ ವಿಚಿತ್ರ ಸದ್ದು, ಮರೆವು ಕಾಣಿಸಿಕೊಂಡಾಗ, ಇದು ಕೆಲಸದಿಂದ ಬಂದ ಕಾಯಿಲೆಯೇ ಅನ್ನುವ ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 2021ರ ಅಕ್ಟೋಬರಿನಲ್ಲಿ, ಮಿದುಳಿಗೆ ಏಟಾದ ಇಂಥ ಅಧಿಕಾರಿಗಳಿಗೆ ಹಣ ಕೊಡಲು ಬೇರೆ ಕಾಯ್ದೆಯನ್ನೇ ತಂದರು.

ನಮ್ಮಲ್ಲಿ? ಕೇಂದ್ರ ನೌಕರ ಯಾರೇ ಆಗಲಿ, 20 ವರ್ಷದ ಅರ್ಹತಾದಾಯಕ ಸೇವೆ ಮುಗಿದ ಮೇಲೆ ಮೂರು ತಿಂಗಳ ನೋಟಿಸ್ ಕೊಟ್ಟು ವಿಆರ್‌ಎಸ್ ಕೇಳಬಹುದು. ಅದಕ್ಕೆ ಗೂಢಚಾರನೇ ಆಗಬೇಕಿಲ್ಲ. ಆದರೆ ನಮ್ಮ ವಿದೇಶಿ ಗುಪ್ತಚರ ಸಂಸ್ಥೆ 'ರಾ'ದ 1975ರ ಸೇವಾ ನಿಯಮಗಳಲ್ಲಿ 135ನೇ ನಿಯಮ ಅಂತ ಒಂದಿದೆ. ಗುಪ್ತಚರ ಅಧಿಕಾರಿ ಅಂತ ಗುರುತು ಬಯಲಾದರೆ, ಭದ್ರತೆಯ ಕಾರಣಕ್ಕೆ ಇನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಆಗದಿದ್ದರೆ, ಇಲ್ಲಾ ಕರ್ತವ್ಯದಲ್ಲಿ ಗಾಯವಾದರೆ ಅಂಥವರನ್ನು ಕಡ್ಡಾಯವಾಗಿ ನಿವೃತ್ತಿ ಮಾಡಬಹುದು. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಈ ನಿಯಮ ಸರಿ ಅಂದಿತು. ಇದರಲ್ಲಿ ಪಿಂಚಣಿ ಲೆಕ್ಕ ಹಾಕುವ ರೀತಿ ನೋಡಿ: ಆ ಅಧಿಕಾರಿ ಮಾಮೂಲಿ ನಿವೃತ್ತಿ ವಯಸ್ಸಿನವರೆಗೆ ಕೆಲಸದಲ್ಲೇ ಇದ್ದಿದ್ದರೆ, ಸರದಿಯಂತೆ ಬರಬೇಕಾದ ಬಡ್ತಿಗಳೂ ಸಿಕ್ಕಿದ್ದರೆ ಎಷ್ಟು ಸಂಬಳ ಬರುತ್ತಿತ್ತೋ ಅದರ ಮೇಲೆ. ಮಾಡದ ವರ್ಷಗಳನ್ನೂ ಮಾಡಿದ ಹಾಗೆ ಎಣಿಸುವ ಲೆಕ್ಕ ಇದು. ನಮ್ಮಪ್ಪನ ಪೆನ್ಸಿಲಿಗೆ ಸಂಬಳವಿಲ್ಲದ ಆ ನಾಲ್ಕು ತಿಂಗಳೂ ದಕ್ಕಿರಲಿಲ್ಲ.