ಕ್ಲಾಂಪ್ ಮೀಟರಿನ ಸೊನ್ನೆಯನ್ನು ನಂಬುವ ಮುನ್ನ

‘ಸರ್, ಕರೆಂಟ್ ಇಲ್ಲ, ಸೊನ್ನೆ ತೋರಿಸ್ತಿದೆ. ಬಿಚ್ಚಲಾ?’

ದಾವಣಗೆರೆಯಲ್ಲಿ ಸೋಲಾರ್ ಪ್ಯಾನೆಲ್ ಹಾಕಿದ್ದ ತಾರಸಿಯೊಂದರ ಮೇಲೆ, ನಡುಮಧ್ಯಾಹ್ನದ ಬಿಸಿಲಲ್ಲಿ ಹೊಸ ಹುಡುಗ ಕೇಳಿದ. ಅವನ ಕೈ ಆಗಲೇ ಪ್ಯಾನೆಲ್ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್ ಮೇಲಿತ್ತು. ‘ಮುಟ್ಟಬೇಡ’ ಎಂದು ಕೂಗಿದೆ. ನನ್ನ ಮೀಟರ್ ಹಾಕಿ ನೋಡಿದರೆ ಅದೇ ವೈರಿನಲ್ಲಿ 11 ಆಂಪಿಯರ್ ಹರಿಯುತ್ತಿತ್ತು.

ಅವನ ಮೀಟರ್ ಕೆಟ್ಟಿರಲಿಲ್ಲ. ಅದು ವೈರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ, ಮನೆ ವೈರಿಂಗಿಗೆ ಬಳಸುವ ಕ್ಲಾಂಪ್ ಮೀಟರ್, ಎಸಿ ಕರೆಂಟನ್ನಷ್ಟೇ ಗುರುತಿಸುತ್ತದೆ. ಪ್ಯಾನೆಲ್ ಕೊಡುವುದು ಡಿಸಿ. ಅದನ್ನು ಅಳೆಯಲು ಹಾಲ್ ಸೆನ್ಸರ್ (ಕಾಂತಕ್ಷೇತ್ರ ಗುರುತಿಸುವ ಬಿಡಿಭಾಗ) ಇರುವ ಡಿಸಿ ಕ್ಲಾಂಪ್ ಬೇಕು. ಅದನ್ನೂ ಪ್ರತಿ ಸಲ ಝೀರೋ ಬಟನ್ ಒತ್ತಿಯೇ ವೈರಿಗೆ ಹಾಕಬೇಕು. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಕಿಡಿ ಹತ್ತುತ್ತದೆ. ಎಸಿ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ಆರಿಹೋಗಲು ಅವಕಾಶವಿದೆ. ಡಿಸಿಗೆ ಆ ಬಿಡುವಿಲ್ಲ, ಉರಿಯುತ್ತಲೇ ಇರುತ್ತದೆ. ಹಾಗಾಗಿ ಮೊದಲು ಇನ್ವರ್ಟರಿನ (ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆ) ಎಸಿ ಕಡೆ ಆಫ್, ನಂತರ ಡಿಸಿ ಐಸೊಲೇಟರ್ ಎಂಬ, ಪ್ಯಾನೆಲ್ ಕಡೆಯ ಸ್ವಿಚ್ ಆಫ್, ಡಿಸಿ ಕ್ಲಾಂಪಿನಲ್ಲಿ ಸೊನ್ನೆ ಖಚಿತವಾದ ಮೇಲಷ್ಟೇ ಕನೆಕ್ಟರಿಗೆ ಕೈ. ಆಗಲೂ ವೋಲ್ಟೇಜ್ ಹೋಗಿರುವುದಿಲ್ಲ. ಸೂರ್ಯನಿಗೆ ಸ್ವಿಚ್ ಇಲ್ಲ, ಕೈಗವಸು ತೆಗೆಯಬೇಡಿ.

ಮಲ್ಟಿಮೀಟರ್ ಮಾತ್ರವಲ್ಲ, ಅದರ ಪ್ರೋಬ್‌ಗಳ ಮೇಲೂ 1000 ವೋಲ್ಟ್, ಕ್ಯಾಟ್ 3 (ಸುರಕ್ಷತೆಯ ದರ್ಜೆ) ಎಂದು ಬರೆದಿರಬೇಕು. ಕೆಂಪು ಪ್ರೋಬ್ 10 ಆಂಪಿಯರ್ ತೂತಿನಲ್ಲೇ ಉಳಿದಿದ್ದು ನೀವು ವೋಲ್ಟೇಜ್ ನೋಡಲು ಹೋದರೆ ಇಡೀ ಸ್ಟ್ರಿಂಗ್, ಅಂದರೆ ಒಂದಕ್ಕೊಂದು ಜೋಡಿಸಿದ ಪ್ಯಾನೆಲ್‌ಗಳ ಸಾಲು, ಮೀಟರಿನೊಳಗೇ ಶಾರ್ಟ್ ಆಗುತ್ತದೆ. ಆಗ ಹರಿಯುವ 13–14 ಆಂಪಿಯರಿಗೆ ಮೀಟರಿನ ಫ್ಯೂಸ್ ತಕ್ಷಣ ಹೋಗುತ್ತದೆಂಬ ಭರವಸೆಯಿಲ್ಲ. ಗಾಬರಿಯಿಂದ ಪ್ರೋಬ್ ಎತ್ತಿದರೆ ಕಿಡಿ ಅಲ್ಲೇ ಹತ್ತುತ್ತದೆ.

ಇನ್ನು ಅಳತೆಯ ಲೆಕ್ಕ. ಪ್ಯಾನೆಲ್ ಲೇಬಲ್ ಮೇಲಿನ ವೋಲ್ಟೇಜ್ 25 ಡಿಗ್ರಿ ಸೆಲ್ಸಿಯಸ್ಸಿನದು. 49.5 ವೋಲ್ಟಿನ 12 ಪ್ಯಾನೆಲ್ ಸೇರಿದರೆ 594 ವೋಲ್ಟ್. ಆದರೆ ಬೇಸಿಗೆಯಲ್ಲಿ ಸೆಲ್ 60 ಡಿಗ್ರಿ ಮುಟ್ಟುತ್ತದೆ. ಡಿಗ್ರಿಗೆ ಶೇ 0.28ರಂತೆ ಇಳಿದರೆ ಸಿಗುವುದು ಸುಮಾರು 536. ಇದನ್ನು ನೋಡಿ ‘ಪ್ಯಾನೆಲ್ ಹೋಗಿದೆ’ ಎಂದು ಮನೆಯವರನ್ನು ಹೆದರಿಸಿದ್ದನ್ನು ಕಂಡು ನೊಂದಿದ್ದೇನೆ. ಪಕ್ಕದ ಸ್ಟ್ರಿಂಗಿಗಿಂತ 15 ವೋಲ್ಟ್ ಕಡಿಮೆಯಿದ್ದರೆ ಮಾತ್ರ ಬೈಪಾಸ್ ಡಯೋಡನ್ನು (ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟಿಗೆ ಬದಲಿ ದಾರಿ ಕೊಡುವ ಬಿಡಿಭಾಗ) ಅನುಮಾನಿಸಿ: ಒಂದು ಪ್ಯಾನೆಲ್‌ನಲ್ಲಿ ಮೂರಿರುತ್ತವೆ, ಒಂದು ಶಾರ್ಟ್ ಆದರೆ ಆ ಪ್ಯಾನೆಲ್‌ನ ವೋಲ್ಟೇಜಿನ ಮೂರನೇ ಒಂದು ಭಾಗ ಹೋದಂತೆ. ಕರೆಂಟ್ ಬಿಸಿಲಿನ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುವುದರಿಂದ ಬಿಸಿಲು ಅಳೆಯುವ ಮೀಟರನ್ನು ಪ್ಯಾನೆಲ್‌ನ ಇಳಿಜಾರಿಗೇ ಸರಿಯಾಗಿ ಹಿಡಿಯಿರಿ.

ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತಿದೆಯೇ ಎಂದು ನೋಡುವ ಮೆಗ್ಗರ್ ಪರೀಕ್ಷೆಯನ್ನು ನಾನು ಆದಷ್ಟೂ ಇಬ್ಬನಿ ಆರುವ ಮೊದಲೇ ಮಾಡುತ್ತೇನೆ. ಇಲಿ ಕಡಿದ ವೈರು ಒಣಗಿದ ಮಧ್ಯಾಹ್ನ ಪಾಸಾಗಿಬಿಡಬಹುದು, ಒದ್ದೆಯಿದ್ದಾಗ ಸಿಕ್ಕಿಬೀಳುತ್ತದೆ. ಇನ್ವರ್ಟರನ್ನೂ ಸರ್ಜ್ ಪ್ರೊಟೆಕ್ಟರನ್ನೂ ಬೇರ್ಪಡಿಸಿ 1000 ವೋಲ್ಟ್ ಕೊಟ್ಟಾಗ ಇಂಥ ಸ್ಟ್ರಿಂಗಿನಲ್ಲಿ ಕನಿಷ್ಠ 1 ಮೆಗಾಓಮ್ ಬರಬೇಕು. ಬರದಿದ್ದರೆ ಸಾಯಂಕಾಲದವರೆಗೂ ಹುಡುಕಬೇಕಾದರೂ ಸರಿ, ಆ ಸ್ಟ್ರಿಂಗನ್ನು ನಾನು ಮತ್ತೆ ಚಾಲೂ ಮಾಡುವುದಿಲ್ಲ.